ಓದದೆ ಹಾಕಿದ ಸಹಿ

ವೆಂಕಟರಮಣ ಅವರಿಗೆ ನಾಲ್ಕು ವರ್ಷ ರೊಟ್ಟಿ ಕಟ್ಟಿಕೊಟ್ಟವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಸಿಟ್ಟು ನೆತ್ತಿಗೇರಿದರೆ ಮರೆತುಹೋಗುತ್ತದೆ. ಮೈಸೂರಿನ ಮನುಷ್ಯ, ಜೋಳದ ರೊಟ್ಟಿ ತಿಂದು ಗೊತ್ತಿರಲಿಲ್ಲ. ನನ್ನ ಕೈಯ ಶೇಂಗಾ ಚಟ್ನಿಯ ರುಚಿ ಹತ್ತಿದ ಮೇಲೆ ಸೋಮವಾರ ಬಂತೆಂದರೆ ನನ್ನ ಡಬ್ಬಿಯ ದಾರಿ ಕಾಯುತ್ತಿದ್ದರು. ಹ್ಯೂಸ್ಟನ್ನಿನ ಪಶ್ಚಿಮದಲ್ಲಿರುವ ನಮ್ಮ ಕಮ್ಯುನಿಟಿ ಕಾಲೇಜಿನಲ್ಲಿ ಅವರು ಅಡ್ವೈಸರ್. ಯಾವ ಸೆಮಿಸ್ಟರಿಗೆ ಯಾವ ಕ್ಲಾಸು ತೆಗೆದುಕೊಳ್ಳಬೇಕೆಂದು ಹೇಳುವ ಕೆಲಸ. ನಾನು ಅಲ್ಲಿಯ ವಿದ್ಯಾರ್ಥಿನಿ, ಜಯದೇವಿ, ವಯಸ್ಸು ನಲವತ್ತೊಂದು.

ನಗಬೇಡಿ. ಗದಗಿನಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದಾಗ ನನ್ನ ಮದುವೆ ಮಾಡಿದರು. "ಮದುವಿ ಆದಮ್ಯಾಲೂ ಓದಬಹುದವ್ವಾ" ಎಂದು ಹೇಳದವರಿರಲಿಲ್ಲ. ಹಾಗೆ ಹೇಳಿದವರಲ್ಲಿ ಒಬ್ಬರಾದರೂ ಒಂದು ಪುಸ್ತಕ ಕಳಿಸಿದ್ದರೆ ಕೇಳಿ. ಇಲ್ಲಿಗೆ ಬಂದ ಮೇಲೆ ಕನ್ನಡ ಸಂಘದ ಊಟಗಳಲ್ಲಿ ಹೆಂಗಸರು "ನಿಮ್ದು ಏನಾಗಿದೆ?" ಎಂದು ಕೇಳುವರು. ಒಬ್ಬಳದು ಬಿ.ಇ., ಇನ್ನೊಬ್ಬಳದು ಎಂ.ಎಸ್ಸಿ. ನಾನು ಪಲ್ಯದ ಪಾತ್ರೆ ಎತ್ತಿಕೊಂಡು ಮುಂದಿನ ಸಾಲಿಗೆ ಬಡಿಸಲು ಹೋಗುತ್ತಿದ್ದೆ.

ಮಗಳು ನಿವೇದಿತಾ ಹುಟ್ಟುವಾಗ ಹನ್ನೊಂದು ತಾಸು ನನ್ನ ಕೈ ಬಿಡದೆ ನಿಂತವಳು ಒಬ್ಬ ನರ್ಸು. ನನ್ನ ಇಂಗ್ಲಿಷು ಅವಳಿಗೆ ತಿಳಿಯಲಿಲ್ಲ, ಅವಳದು ನನಗೆ ತಿಳಿಯಲಿಲ್ಲ. ಅಂಥವಳಾಗಬೇಕು ಎಂದು ಅವತ್ತೇ ಅಂದುಕೊಂಡೆ. ಮಗಳು ದೊಡ್ಡವಳಾದ ಮೇಲೆ, 2011ರಲ್ಲಿ, ಕಾಲೇಜು ಸೇರಿದೆ. ಒಂದು ಸೆಮಿಸ್ಟರಿಗೆ ಒಂದು ಕ್ಲಾಸು, ಹೆಚ್ಚೆಂದರೆ ಎರಡು. ಅನಾಟಮಿಯಲ್ಲಿ ಎ ಗ್ರೇಡು ಬಂತು. ಇನ್ನೂರಾರು ಎಲುಬುಗಳ ಹೆಸರನ್ನು ರೊಟ್ಟಿ ಬಡಿಯುತ್ತ ಬಡಿಯುತ್ತ ಬಾಯಿಪಾಠ ಮಾಡಿದ್ದೆ. ನರ್ಸಿಂಗಿಗೆ ಮೊದಲು ಮುಗಿಸಬೇಕಾದ ಕ್ಲಾಸುಗಳೆಲ್ಲ ಐದು ವರ್ಷಕ್ಕೆ ಮುಗಿದು, 2016ರ ಆಗಸ್ಟಿನ ನರ್ಸಿಂಗ್ ಸೀಟಿನ ಪಟ್ಟಿಯಲ್ಲಿ ನನ್ನ ಸರದಿ ಬಂದಿತ್ತು.

ಆ ಹೊತ್ತಿಗೆ ಕಾಲೇಜಿನಲ್ಲಿ ಹೊಸ ಗಾಳಿ ಬೀಸಿತ್ತು. ಮುಂಚೆ ಕ್ಲಾಸಿನಲ್ಲಿ ಎಷ್ಟು ತಲೆ ಕೂತಿವೆ ಎಂದು ನೋಡಿ ರಾಜ್ಯ ಸರ್ಕಾರ ಕಾಲೇಜಿಗೆ ಅನುದಾನ ಕೊಡುತ್ತಿತ್ತು. ಈಗ ಎಷ್ಟು ಜನ ಓದು ಮುಗಿಸಿದರು ಎಂಬುದನ್ನೂ ನೋಡುತ್ತದಂತೆ. ರಾಜಧಾನಿ ಆಸ್ಟಿನ್‌ನಲ್ಲಿ ಕೂತವರು ತಪ್ಪೇನೂ ಯೋಚಿಸಿರಲಿಕ್ಕಿಲ್ಲ. ಅರ್ಧಕ್ಕೆ ಬಿಟ್ಟುಹೋಗುವ ನನ್ನಂಥವರನ್ನು ಕೈಹಿಡಿದು ದಡ ಮುಟ್ಟಿಸಲಿ ಎಂದೇ ಮಾಡಿರಬೇಕು. ಗೋಡೆಗೋಡೆಗೂ "ಮುಗಿಸಿ!" ಎಂಬ ಪೋಸ್ಟರು ಬಂತು. ಅದನ್ನು ನೋಡಿ ನನಗೆ ಖುಷಿಯೇ ಆಗುತ್ತಿತ್ತು, ನೋಡಿ. ನಾನು ಮುಗಿಸಲಿ ಎಂದು ಒಂದು ಸರ್ಕಾರವೇ ಬಯಸುತ್ತಿದೆಯಲ್ಲ ಎಂದು!

ಆ ಫೆಬ್ರವರಿಯಲ್ಲಿ ತೈಲದ ಬೆಲೆ ಬಿದ್ದು ನಮ್ಮ ಕಡೆ ಎನರ್ಜಿ ಕಾರಿಡಾರ್ ಎನ್ನುವ ಪ್ರದೇಶದ ತೈಲ ಕಂಪನಿಗಳು ಜನರನ್ನು ತೆಗೆದವು. ನನ್ನ ಗಂಡ ಸಿದ್ಧಾರೂಢರನ್ನೂ ತೆಗೆದರು. ನನಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೂ ಎರಡೇ ವರ್ಷ, ಆಮೇಲೆ ಮನೆಯಲ್ಲಿ ಒಬ್ಬ ನರ್ಸು ಇರುತ್ತಾಳೆ ಎಂದು ಧೈರ್ಯ ತಂದುಕೊಂಡೆ.

ಏಪ್ರಿಲ್‌ನಲ್ಲಿ ಸಂಘದ ಯುಗಾದಿ ಊಟ. ನಾನು ಹೋಳಿಗೆ ಬಡಿಸುತ್ತಿದ್ದೆ, ಸಿದ್ಧಾರೂಢ ಹಿಂದೆ ತುಪ್ಪ ಹಾಕುತ್ತಿದ್ದರು. ವೆಂಕಟರಮಣ ಒಂದು ಕಾಗದ ಹಿಡಿದು ಬಂದರು.

"ಜಯದೇವಿಯವ್ರೇ, ನಿಮ್ಮ ಫೈಲ್‌ಗೆ ಒಂದು ಸೈನ್ ಬೇಕಿತ್ತು. ನಾಳೆ ಕೊನೇ ದಿನ, ಅದಕ್ಕೇ ಇಲ್ಲಿಗೇ ತಂದೆ."

"ಕೈ ತುಂಬ ತುಪ್ಪ ಐತ್ರಿ ಅಣ್ಣಾರ."

"ಒರೆಸ್ಕೊಂಡು ಹಾಕ್ಬಿಡಿ, ಪರವಾಗಿಲ್ಲ."

ಸೆರಗಿನಲ್ಲಿ ಕೈ ಒರೆಸಿಕೊಂಡು, ಹೋಳಿಗೆ ಡಬ್ಬದ ಮುಚ್ಚಳದ ಮೇಲೆ ಕಾಗದವಿಟ್ಟು ಸಹಿ ಹಾಕಿದೆ. ಯಾಕೆ ಓದಲಿಲ್ಲ ಎಂದು ಮಗಳು ನೂರು ಸಲ ಕೇಳಿದ್ದಾಳೆ. ಹೇಗೆ ಓದಲಿ? ನಮ್ಮವರು ಕೊಟ್ಟ ಕಾಗದವನ್ನು ಅವರೆದುರೇ ಓದುವುದೆಂದರೆ, ಉಣ್ಣಲು ಕರೆದವರ ಎಲೆಯ ಮುಂದೆ ಕೂತು ಅನ್ನ ಮೂಸಿ ನೋಡಿದಂತೆ. ಬ್ಯಾಂಕಿನವನು ಕೊಟ್ಟಿದ್ದರೆ ಓದುತ್ತಿದ್ದೆ. ಅವರೆದುರು ಓದಲು ನಾಚಿಕೆಯಾಯಿತು.

ಮೇ ತಿಂಗಳಲ್ಲಿ ಪೋಸ್ಟಿನಲ್ಲಿ ದಪ್ಪ ಲಕೋಟೆ ಬಂತು. ಎರಡು ವರ್ಷದ ಓದಿಗೆ ಕೊಡುವ ಅಸೋಸಿಯೇಟ್ ಡಿಗ್ರಿ, ಜನರಲ್ ಸ್ಟಡೀಸ್, ಜಯದೇವಿ. ನಾನು ಕೇಳಿರಲಿಲ್ಲ. ನರ್ಸಿಂಗಿನ ದಾರಿಯಲ್ಲಿ ಇದೊಂದು ಮೈಲಿಗಲ್ಲು, ತಾನಾಗಿ ಕೊಡುತ್ತಾರೆ ಎಂದುಕೊಂಡೆ. ಸಿದ್ಧಾರೂಢ ಫ್ರೇಮು ಹಾಕಿಸಿ ತಂದರು. ದೇವರ ಮುಂದೆ ಇಟ್ಟು, ಅದರ ಮೂಲೆಗೆ ಕುಂಕುಮ ಹಚ್ಚಿ ಗಳಗಳ ಅತ್ತೆ. ಸಂಘದವರು ಶಾಲು ಹೊದಿಸಿ ಫೋಟೊ ತೆಗೆದರು. ಇನ್ನು ಯಾರು ಬೇಕಾದರೂ ಕೇಳಲಿ, ನಿಮ್ಮದು ಏನಾಗಿದೆ ಎಂದು.

ಜುಲೈನಲ್ಲಿ ನರ್ಸಿಂಗ್ ವಿಭಾಗದ ಪತ್ರ ಬಂತು. ಇದುವರೆಗೆ ಯಾವ ಡಿಗ್ರಿಯನ್ನೂ ಮುಗಿಸದವರಿಗೆ ಮೊದಲ ಸೀಟು ಎಂಬುದು ಅಲ್ಲಿಯ ನಿಯಮ. ನೀವು ಮುಗಿಸಿದ್ದೀರಿ, ಅಭಿನಂದನೆಗಳು, ಹೊಸದಾಗಿ ಅರ್ಜಿ ಹಾಕಿ ಎರಡನೇ ಪಟ್ಟಿಗೆ ಬನ್ನಿ. ಆ ಪಟ್ಟಿ ಕರಗಲು ಎರಡು ವರ್ಷ ಬೇಕಂತೆ. ಅನಾಟಮಿಯ ಗ್ರೇಡಿಗೆ ಐದೇ ವರ್ಷ ಆಯಸ್ಸು, ನನ್ನದು ಮರುವರ್ಷಕ್ಕೇ ಸಾಯುತ್ತದೆ. ಅಂದರೆ ಇನ್ನೂರಾರು ಎಲುಬು ಮತ್ತೆ ಮೊದಲಿನಿಂದ.

ಪತ್ರ ಹಿಡಿದು ವೆಂಕಟರಮಣ ಅವರ ಆಫೀಸಿಗೆ ಹೋದೆ. ಸೋಮವಾರವೇ, ಆದರೆ ಡಬ್ಬಿ ಒಯ್ಯಲಿಲ್ಲ. ಅವರ ಗೋಡೆಯ ಮೇಲೆ ಆ ವರ್ಷ ಮುಗಿಸಿದವರ ಫೋಟೊಗಳಿದ್ದವು. ಎರಡನೇ ಸಾಲಿನಲ್ಲಿ ಶಾಲು ಹೊದ್ದ ನಾನು ಹಲ್ಲು ಬಿಟ್ಟುಕೊಂಡು ನಿಂತಿದ್ದೆ.

"ಏನ್ರಿ ಅಣ್ಣಾರ ಇದು? ನಾ ಯಾವಾಗ ಡಿಗ್ರಿ ಕೇಳೇನಿ?"

ಪತ್ರ ಓದಿ ಅವರ ಮುಖ ಸಣ್ಣದಾಯಿತು. "ಯುಗಾದಿ ದಿನ ಸೈನ್ ಹಾಕಿದ್ರಲ್ಲ, ಅದೇ ಡಿಗ್ರಿ ಅರ್ಜಿ. ಸೀಟಿಗೆ ತೊಂದ್ರೆ ಆಗುತ್ತೆ ಅಂತ ನಂಗೆ ಹೊಳೀಲಿಲ್ಲ, ದೇವರಾಣೆ. ಬಿಟ್ಟುಹೋಗೋ ಹಾಗಿರೋರನ್ನೆಲ್ಲ ಹುಡುಕಿ, ಇರೋ ಕ್ಲಾಸುಗಳಿಗೇ ಯಾವ್ದಾದ್ರೂ ಡಿಗ್ರಿ ಕೂರುತ್ತಾ ನೋಡಿ ಅಂತ ಮೇಲಿಂದ ಹೇಳಿದ್ರು. ನಿಮ್ಮನ್ನ ಬಿಟ್ಟವರ ಲೆಕ್ಕಕ್ಕೆ ಬರೆಯೋದಕ್ಕಿಂತ ಮುಗಿಸಿದವರ ಲೆಕ್ಕಕ್ಕೆ ಬರೆದ್ರೆ ಒಳ್ಳೇದಲ್ವಾ? ಉಪಕಾರ ಮಾಡ್ತಿದೀನಿ ಅನ್ಕೊಂಡೆ."

"ನಾ ಬಿಟ್ಟು ಹೊಂಟೀನಿ ಅಂತ ನಿಮಗ ಹೇಳಿದವರ್ಯಾರ್ರಿ?"

ಅವರು ಪೆನ್ನಿನ ಕ್ಯಾಪು ತೆಗೆದರು, ಹಾಕಿದರು.

"ಹೇಳ್ರಿ. ನಾಕ ವರ್ಷ ನನ್ನ ರೊಟ್ಟಿ ತಿಂದೀರಿ."

"ಸಿದ್ಧಾರೂಢ ಅವ್ರೇ ಫೋನ್ ಮಾಡಿದ್ರು, ಮಾರ್ಚಲ್ಲಿ. ಡಲ್ಲಾಸಲ್ಲಿ ಕೆಲಸ ಸಿಗೋ ಹಾಗಿದೆ, ಇವಳನ್ನ ಇಲ್ಲೊಬ್ಬಳನ್ನೇ ಬಿಡೋಕಾಗಲ್ಲ, ಒಂದು ಡಿಗ್ರಿ ಅಂತ ಕೈಗೆ ಕೊಟ್ಬಿಡಿ, ಸಮಾಧಾನ ಆಗ್ತಾಳೆ ಅಂದ್ರು. ನಿಮಗೂ ಗೊತ್ತಿದೆ ಅನ್ಕೊಂಡಿದ್ದೆ."

ಉಂಡ ಮನೆಯ ಜಂತಿ ಎಣಿಸಿದಿರಿ ಎಂದು ಬೈಯಬೇಕೆಂದೇ ಹೋದವಳು ನಾನು. ಬೈಯದೆ ಎದುರಿನ ಕುರ್ಚಿಯಲ್ಲಿ ಕೂತೆ. ಯುಗಾದಿಯ ದಿನ ನಾನು ಮುಚ್ಚಳದ ಮೇಲೆ ಸಹಿ ಹಾಕುವಾಗ, ನನ್ನ ಹಿಂದೆಯೇ ತುಪ್ಪದ ಪಾತ್ರೆ ಹಿಡಿದು ನಿಂತಿದ್ದರಲ್ಲ ನನ್ನ ಗಂಡ! ಡಿಗ್ರಿ ವಾಪಸು ತೆಗೆದುಕೊಳ್ಳಿ ಎಂದೆ. ಕೊಟ್ಟ ಡಿಗ್ರಿಯನ್ನು ಹಿಂಪಡೆಯುವ ನಿಯಮವಿಲ್ಲ ಎಂದರು ವೆಂಕಟರಮಣ.

ಮನೆಗೆ ಬಂದು ಗಂಡನನ್ನು ಕೇಳಿದೆ. ಅಲ್ಲಗಳೆಯಲಿಲ್ಲ.

"ನಿನ್ನ ಸಮಾಧಾನಕ್ಕಂತ ಮಾಡಿದ್ನಿ, ಜಯಾ. ಡಲ್ಲಾಸಿಗೆ ಹೋಗೂದು ಬಂದ್ರ ಹೆಂಗೂ ಬಿಡಬೇಕಾಗ್ತಿತ್ತು. ಬರಿಗೈಲೆ ಬರಬಾರದು ಅಂತ."

"ನನ್ನ ಕೇಳಬೇಕಿತ್ತಲ್ರಿ."

"ಕೇಳಿದ್ರ ನೀ ಒಪ್ತಿದ್ದಿಲ್ಲ."

ಅಷ್ಟು ಗೊತ್ತಿತ್ತು ಅವರಿಗೆ. ಗೊತ್ತಿದ್ದೇ ಫ್ರೇಮು ಹಾಕಿಸಿ ತಂದಿದ್ದರು. ನಾನು ಕುಂಕುಮ ಹಚ್ಚಿ ಅಳುವಾಗ ಬೆನ್ನು ಸವರಿದ್ದರು. ಫ್ರೇಮನ್ನು ದೇವರ ಮುಂದಿನಿಂದ ತೆಗೆದು ಅವರ ಹಾಸಿಗೆಯ ಮೇಲೆ ಇಟ್ಟೆ, ನಿಮ್ಮ ಡಿಗ್ರಿ, ನೀವೇ ಇಟ್ಟುಕೊಳ್ಳಿ ಎಂದು.

ಆಗಸ್ಟಿನಲ್ಲಿ ಡಲ್ಲಾಸಿನ ಕೆಲಸ ಖಾತ್ರಿಯಾಯಿತು. ಅಲ್ಲೇ ಪಕ್ಕದ ಮರ್ಫಿ ಊರಿನಲ್ಲಿ ಬಾಡಿಗೆ ಮನೆ ನೋಡಿ ಬಂದರು. ಒಂದು ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಕಾಗದಗಳ ಕಂತೆ ಇಟ್ಟರು.

"ಲೀಸಿಗೆ ಇಬ್ಬರದೂ ಸಹಿ ಬೇಕಂತ. ಎಲ್ಲಿ ಹಾಕಬೇಕು ಅಂತ ಗುರುತು ಮಾಡೇನಿ. ಲಗೂನ ಹಾಕು, ಕಳಸಬೇಕು."

ನಾನು ರೊಟ್ಟಿ ಬಡಿಯುವುದನ್ನು ಬಿಟ್ಟೆ. ಕೈ ತೊಳೆದು ಒರೆಸಿಕೊಂಡೆ. ಕುರ್ಚಿ ಎಳೆದುಕೊಂಡು ಕೂತು, ಚಷ್ಮಾ ಹಾಕಿಕೊಂಡು, ಮೊದಲನೆಯ ಪುಟದ ಮೊದಲನೆಯ ಸಾಲಿಗೆ ಬೆರಳಿಟ್ಟೆ.

"ಅದನ್ನೇನ ಓದ್ತಿ?" ಎಂದರು. "ನಾ ಕೊಟ್ಟಿದ್ದಲ್ಲೇನು?"

"ಹೌದ್ರಿ," ಎಂದೆ. "ನೀವು ಕೊಟ್ಟೀರಿ ಅಂತನ ಓದಾಕತ್ತೀನಿ."

ಹದಿನೇಳು ಪುಟ ಇದ್ದವು. ಹಂಚು ಆರಿತು. ಅವರು ನಿಂತೇ ಇದ್ದರು.