ಮೆಟ್ಟಿಲು ಹತ್ತಬಲ್ಲವರು

ಶಾಸಕರ ಕಚೇರಿ ಮೂರನೇ ಮಹಡಿಯಲ್ಲಿತ್ತು. ಲಿಫ್ಟಿನ ಬಾಗಿಲಿಗೆ ಅಂಟಿಸಿದ್ದ ‘ದುರಸ್ತಿಯಲ್ಲಿದೆ’ ಎಂಬ ಚೀಟಿ ಹಳದಿಗಟ್ಟಿ, ಅಂಚು ಸುರುಳಿಯಾಗಿತ್ತು. ಅದು ಗೊತ್ತಿದ್ದೇ ಮೇಷ್ಟ್ರು ಹಿರಿಯರ ಸಂಘದಿಂದ ಮೂರೇ ಜನರನ್ನು ಆರಿಸಿದ್ದರು: ಮಂಡಿ ಗಟ್ಟಿಯಿದ್ದ ತಾವು, ನಿವೃತ್ತ ನರ್ಸಮ್ಮ, ಮತ್ತು ಮೂವತ್ತು ವರ್ಷ ಕೋರ್ಟಿನಲ್ಲಿ ಶೀಘ್ರಲಿಪಿ ಬರೆದು ನಿವೃತ್ತಳಾಗಿದ್ದ, ಎಲ್ಲರೂ ಸ್ಟೆನೋ ಎಂದೇ ಕರೆಯುವ ಅವಳು.

ಸ್ಟೆನೋ ಪೆನ್ಸಿಲಿನ ಮೊನೆಯನ್ನು ನಾಲ್ಕನೇ ಸಲ ಮುಟ್ಟಿ ನೋಡಿದಳು. ಮೆಟ್ಟಿಲ ಬುಡದಲ್ಲಿ, ಗಾಲಿಕುರ್ಚಿಯಲ್ಲಿ ಅವಳ ಅಕ್ಕ ಕೂತಿದ್ದಳು.

“ಒಬ್ಬಳೇ ಇರ್ತೀಯಾ ಅಕ್ಕಾ?”

“ಹೋಗೇ ಮಾರಾಯ್ತಿ. ನಾನೆಲ್ಲಿಗೆ ಓಡಿಹೋಗ್ತೀನಿ?”

ಅಕ್ಕನಿಗೆ ಲಕ್ವ ಹೊಡೆದಾಗ ಆಸ್ಪತ್ರೆಯ ಹನ್ನೆರಡು ದಿನವನ್ನು ಸರ್ಕಾರಿ ವಿಮೆ ನೋಡಿಕೊಂಡಿತ್ತು. ಮನೆಗೆ ಬಂದು ಕೈಗೆ ವ್ಯಾಯಾಮ ಮಾಡಿಸುವವರಿಗೆ ಮಾತ್ರ ಅದು ಬಿಡಿಗಾಸು ಕೊಡುವುದಿಲ್ಲ. ತಂಗಿ ಸ್ವಂತ ದುಡ್ಡು ಕೊಟ್ಟು ಕೈಲಾದಷ್ಟು ದಿನ ಮಾಡಿಸಿದಾಗ ಅಕ್ಕ ಲೋಟ ಎತ್ತುವಷ್ಟಾಗಿದ್ದಳು. ನಿಲ್ಲಿಸಿದ್ದೇ ತಡ, ಬೆರಳುಗಳು ಮತ್ತೆ ಮಡಚಿಕೊಂಡವು. ಹೊಸ ಆರೋಗ್ಯ ಮಸೂದೆಯಲ್ಲಿ ವಯಸ್ಸಾದವರ ಮನೆಯಲ್ಲೇ ಕೊಡುವ ಚಿಕಿತ್ಸೆಗೂ ಒಂದು ಕಲಂ ಇತ್ತು. ಸಮಿತಿ ಅದನ್ನು ಸದ್ದಿಲ್ಲದೆ ಕಿತ್ತುಹಾಕಿತ್ತು. ಸಮಿತಿಯ ಒಬ್ಬ ಸದಸ್ಯರಾದರೂ ಸಹಿ ಹಾಕಿದ ತಿದ್ದುಪಡಿ ಪತ್ರ ಇವತ್ತು ಸಂಜೆ ಐದರೊಳಗೆ ಸಮಿತಿ ಕಚೇರಿಗೆ ತಲುಪಿದರೆ ಅದು ಮತ್ತೆ ಚರ್ಚೆಗೆ ಬರುತ್ತಿತ್ತು. ಈ ಶಾಸಕರು ಆ ಸಮಿತಿಯಲ್ಲಿದ್ದರು.

ಮೇಲೆ, ದೊಡ್ಡ ಮೇಜಿನ ಮುಂದೆ ಮೇಷ್ಟ್ರು ಕಂಠಪಾಠ ಮಾಡಿದ್ದನ್ನು ಒಪ್ಪಿಸಿದರು. ನರ್ಸಮ್ಮ ತಾನು ಕಂಡ ರೋಗಿಗಳ ಕತೆ ಹೇಳಿದಳು. ಶಾಸಕರು ತಲೆದೂಗಿ, ಕುರ್ಚಿಗೆ ಒರಗಿ ನಕ್ಕರು.

“ನಿಮ್ಮನ್ನ ನೋಡಿದ್ರೆ ಖುಷಿಯಾಗುತ್ತೆ. ಮೂರು ಮಹಡಿ ಹತ್ತಿ ಬಂದ್ರೂ ಯಾರಿಗೂ ಏದುಸಿರಿಲ್ಲ! ನನಗೇ ಮಂಡಿ ನೋವು. ನೋಡಿ ಮೇಷ್ಟ್ರೇ, ಇಲ್ಲಿಗೆ ಬರೋ ಹಿರಿಯರೆಲ್ಲ ನಿಮ್ಮ ಹಾಗೇ ಗಟ್ಟಿಮುಟ್ಟಾಗಿದ್ದಾರೆ. ಮನೇಲೇ ಚಿಕಿತ್ಸೆ ಬೇಕು ಅನ್ನೋವ್ರು ಒಬ್ಬರೂ ನನ್ನ ಹತ್ರ ಬಂದಿಲ್ಲ. ಬಂದಿದ್ರೆ ಅವತ್ತೇ ಸಹಿ ಹಾಕ್ತಿದ್ದೆ.”

ಮೇಷ್ಟ್ರ ಮುಖ ಬಿಳಿಚಿತು. ಮೆಟ್ಟಿಲು ಹತ್ತಬಲ್ಲವರನ್ನೇ ಹುಡುಕಿ ಕರೆತಂದಿದ್ದವರು ಅವರೇ ತಾನೆ.

ಸ್ಟೆನೋಳ ಪೆನ್ಸಿಲು ತನ್ನ ಪಾಡಿಗೆ ಎಲ್ಲವನ್ನೂ ಬರೆದುಕೊಂಡಿತ್ತು. ಕೋರ್ಟಿನಲ್ಲಿ ನ್ಯಾಯಾಧೀಶರು ‘ಓದಿ’ ಎಂದರೆ ಮಾತ್ರ ಅವಳು ಬಾಯಿ ಬಿಡುತ್ತಿದ್ದದ್ದು. ಇಲ್ಲಿ ಯಾರೂ ಓದು ಎನ್ನಲಿಲ್ಲ. ಆದರೂ ಎದ್ದು ನಿಂತಳು.

“ಓದ್ತೀನಿ ಸಾರ್,” ಎಂದು ಅವರ ಮಾತನ್ನೇ, ಒಂದಕ್ಷರ ಏರಿಸದೆ ಇಳಿಸದೆ, ಕೊನೆಯವರೆಗೂ ಓದಿದಳು.

“ಇದೇನಮ್ಮಾ, ಬರ್ಕೋತಾ ಇದ್ರಾ?”

“ಅಭ್ಯಾಸ ಸಾರ್. ಒಬ್ಬರು ಬಂದಿದ್ದಾರೆ. ನಿಮ್ಮ ಲಿಫ್ಟು ಅವರನ್ನ ಮೇಲಕ್ಕೆ ತರಲ್ಲ, ಅದಕ್ಕೇ ಮೆಟ್ಟಿಲ ಹತ್ರ ಕೂತಿದ್ದಾರೆ.”

ಆಪ್ತ ಸಹಾಯಕ ಗಡಿಯಾರ ತೋರಿಸಿದ. “ಸಾಹೇಬ್ರು ಉದ್ಘಾಟನೆಗೆ ಹೊರಡ್ಬೇಕು.”

“ಒಳ್ಳೇದೇ ಆಯ್ತು. ಕಾರೂ ಕೆಳಗೇ ಇದೆಯಲ್ಲ,” ಎಂದಳು ನರ್ಸಮ್ಮ.

ಶಾಸಕರು ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಕೆಳಗೆ ಅಕ್ಕನನ್ನು ಕಂಡೊಡನೆ ಮುಖದ ಮೇಲೆ ನಗು ತಂದುಕೊಂಡು ಬಲಗೈ ಚಾಚಿದರು. ಚಾಚಿದ ಕೈ ಗಾಳಿಯಲ್ಲೇ ಉಳಿಯಿತು.

“ಇದು ಏಳಲ್ಲ ಸ್ವಾಮಿ,” ಎಂದಳು ಅಕ್ಕ, ಮಡಿಲಲ್ಲಿದ್ದ ತನ್ನ ಮುಷ್ಟಿಯನ್ನು ನೋಡುತ್ತ. “ಎರಡು ತಿಂಗಳ ಹಿಂದೆ ಏಳ್ತಿತ್ತು. ಆಗ ಸಿಕ್ಕಿದ್ರೆ ಕುಲುಕಬಹುದಿತ್ತು.”

ಡ್ರೈವರು ಕಾರಿನ ಬಾಗಿಲು ತೆರೆದು ನಿಂತಿದ್ದ. ಸ್ಟೆನೋ ತಾನು ಬರೆದುಕೊಂಡಿದ್ದ ಪುಸ್ತಕ ತೆರೆದಳು.

“ಇನ್ನೊಂದ್ಸಲ ಓದ್ಲಾ ಸಾರ್?”

“ಬೇಡ,” ಎಂದರು ಶಾಸಕರು. “ಪತ್ರ ಕೊಡಿ ಇಲ್ಲಿ.”

ಮೇಷ್ಟ್ರ ಫೈಲಿನ ಮೇಲಿಟ್ಟು ಸಹಿ ಹಾಕಿದರು. ಆಪ್ತ ಸಹಾಯಕ ಸ್ಟೆನೋಳತ್ತ ಬಗ್ಗಿ, “ಸಾಹೇಬ್ರಿಗೆ ಒಂದು ಥ್ಯಾಂಕ್ಸ್ ಹೇಳಮ್ಮ,” ಎಂದು ಪಿಸುಗುಟ್ಟಿದ.

“ಯಾಕೆ?” ಎಂದಳು ಅವಳು, ಎಲ್ಲರಿಗೂ ಕೇಳುವಂತೆ. ಆಮೇಲೆ ಶಾಸಕರತ್ತ ತಿರುಗಿ, “ಸಹಿ ಕೆಳಗೆ ಟೈಮ್ ಹಾಕಿ ಸಾರ್. ನಾಲ್ಕು ಇಪ್ಪತ್ತು.”

ಹಾಕಿದರು. ಕಾರು ಹೊರಟಿತು.

ಗಾಲಿಕುರ್ಚಿಯ ಬ್ರೇಕು ಬಿಡಲು ಸ್ಟೆನೋ ಬಗ್ಗಿದಾಗ ಅಕ್ಕ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದಳು.

“ಅಷ್ಟು ದೊಡ್ಡವರ ಮುಂದೆ ಹೆದರ್ಕೊಂಡ್ಯೇನೇ?”

“ಕೋಪ ಅಕ್ಕಾ.”

“ಹಾಗಿದ್ರೆ ಕೋಪಾನೆಲ್ಲ ಇಲ್ಲೇ ಖಾಲಿ ಮಾಡ್ಕೋಬೇಡ. ಪತ್ರ ಕೊಡೋ ಸಮಿತಿ ಕಚೇರಿ ಎಷ್ಟನೇ ಮಹಡೀಲಿದೆ, ಕೇಳಿದ್ಯಾ?”