ಗಾಳಿಚೀಲದ ಕೆಳಗೆ

ಸ್ವಂತ ವಿಮಾನ ನಿಲ್ದಾಣ ಇಟ್ಟುಕೊಂಡವನು ಒಂದು ಸಲವೂ ವಿಮಾನ ಹತ್ತಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ನಂಬಬೇಕು. ರೇಡಿಯೊ ಕೋಣೆಯಲ್ಲಿ ಕೂತು ಪೈಲಟ್‌ಗಳ ಜೊತೆ ಮಾತಾಡುತ್ತಿದ್ದ ಮಗಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಯಾಕಪ್ಪಾ ಎಂದು ಕೇಳಿ ಕೇಳಿ ಅವಳ ಬಾಯಿ ನೋಯುತ್ತಿತ್ತೇ ಹೊರತು ಅಪ್ಪ ಗುಟ್ಟು ಬಿಡುತ್ತಿರಲಿಲ್ಲ. ಒಂದು ಸಲ ಬೆನ್ನು ನೋವು ಎನ್ನುತ್ತಿದ್ದ, ಇನ್ನೊಂದು ಸಲ ನಿಮ್ಮಮ್ಮ ಬೈತಾಳೆ ಎನ್ನುತ್ತಿದ್ದ. ಅಮ್ಮನೋ, ಮೊದಲ ವಾರವೇ ವಿಮಾನದಲ್ಲಿ ಸುತ್ತು ಹೊಡೆದು ಬಂದವಳು!

ಇವತ್ತು ಬಾಯಿ ಬಿಡಿಸದಿದ್ದರೆ ಇನ್ನು ಯಾವತ್ತೂ ಇಲ್ಲ. ರನ್‌ವೇ ತುದಿಯಲ್ಲಿ ಎತ್ತರದ ಕಟ್ಟಡಗಳು ಎದ್ದಿದ್ದರಿಂದ ನಿಲ್ದಾಣ ಮುಚ್ಚಿ ಎಂದು ಅಪ್ಪಣೆಯಾಗಿತ್ತು. ಉಳಿದಿದ್ದ ಒಂದೇ ವಿಮಾನವನ್ನು ದೂರದ ಹಾರಾಟ ಶಾಲೆಯೊಂದು ಕೊಂಡಿತ್ತು. ಮಧ್ಯಾಹ್ನ ಪೈಲಟ್ ಚಿಕ್ಕಪ್ಪ ಅದನ್ನು ಅಲ್ಲಿಗೆ ಬಿಟ್ಟು ಬರಬೇಕು. ಪಕ್ಕದ ಸೀಟು ಖಾಲಿ. ಅಪ್ಪನನ್ನು ಅದರಲ್ಲಿ ಕೂರಿಸಿಯೇ ತೀರುತ್ತೇನೆಂದು ಮಗಳು ಪಟ್ಟು ಹಿಡಿದಿದ್ದಳು.

ಒಂದು ಕಾಲಕ್ಕೆ ಇದು ಕುರಿ ಮೇಯುವ ಬಯಲು. ಅಣ್ಣತಮ್ಮಂದಿರು ಕಲ್ಲು ಆರಿಸಿ ನೆಲ ಸಮ ಮಾಡಿದರು, ಹುಲ್ಲು ತುಂಬುವ ಕೊಟ್ಟಿಗೆ ವಿಮಾನದ ಶೆಡ್ಡಾಯಿತು. ಕುರಿಗಳಿಗೆ ಮಾತ್ರ ಈ ಏರ್ಪಾಡು ಒಪ್ಪಿಗೆಯಾಗಲಿಲ್ಲ. ವಿಮಾನದ ಸದ್ದು ಕೇಳಿದೊಡನೆ ಅಪ್ಪ ಓಡಿಹೋಗಿ ಅವನ್ನು ಅಟ್ಟಿ, ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಗಾಳಿಚೀಲ ಕಟ್ಟಿದ ಕಂಬದ ಕೆಳಗೆ ನಿಂತು ಟೋಪಿ ಎತ್ತುತ್ತಿದ್ದ. ಬಯಲು ಖಾಲಿ, ಇಳಿ ಎಂದರ್ಥ. ಆಮೇಲೆ ಕುರಿಗಳು ಹೋದವು, ರೇಡಿಯೊ ಬಂತು. ಆದರೂ ಮಗಳು ರೇಡಿಯೊದಲ್ಲಿ ಇಳೀಬಹುದು ಎಂದರೆ ಚಿಕ್ಕಪ್ಪ, "ಸರಿಯಮ್ಮಾ, ಅಣ್ಣ ಎಲ್ಲಿ?" ಎನ್ನುತ್ತಿದ್ದ. ತನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ! ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಪ್ಪ ಕಂಬದ ಬುಡದಲ್ಲಿ ಕೂತು ಹರಿದ ಗಾಳಿಚೀಲ ಹೊಲಿಯುತ್ತಿದ್ದ.

"ಕೊನೇ ದಿನ ಯಾಕಪ್ಪಾ ಹೊಲಿಗೆ?"

"ಹರಿದಿದೆ, ಅದಕ್ಕೆ."

"ನಿಜ ಹೇಳು. ಹತ್ತೋಕೆ ಹೆದರಿಕೇನಾ?"

"ಹೆದರಿಕೇನೇ. ನನಗಲ್ಲ, ನಿನ್ನ ಚಿಕ್ಕಪ್ಪನಿಗೆ." ಅಪ್ಪ ಶೆಡ್ಡಿನ ಕಡೆ ನೋಡಿ ದನಿ ತಗ್ಗಿಸಿದ. "ಮೊದಲನೇ ದಿನ ಇಳಿದಾಗ ಗಡಗಡ ನಡುಗ್ತಿದ್ದ. ನೀನು ಕೆಳಗೆ ಕಂಡೆ ಅಂತ ಇಳಿದೆ ಅಣ್ಣಾ, ಇಲ್ಲದಿದ್ರೆ ಕೈ ಕಾಲೇ ಆಡ್ತಿರಲಿಲ್ಲ ಅಂದ. ನಾನೂ ಹತ್ತಿ ಕೂತ್ರೆ ಕೆಳಗೆ ನಿಲ್ಲೋರು ಯಾರು?"

"ನಾನು ಕುರಿಗೋಸ್ಕರ ಅಂದ್ಕೊಂಡಿದ್ದೆ."

"ಕೆಳಗಿನ ಕುರಿ ಹೋದ್ವು. ಮೇಲಿನ ಕುರಿ ಹಾಗೇ ಇದೆಯಲ್ಲ!"

ಇಬ್ಬರೂ ಬಿದ್ದುಬಿದ್ದು ನಕ್ಕರು. ಆಮೇಲೆ ಮಗಳೆಂದಳು, "ಇವತ್ತು ಚಿಕ್ಕಪ್ಪ ಇಲ್ಲಿ ಇಳಿಯೋದೇ ಇಲ್ವಲ್ಲಪ್ಪಾ. ಯಾರಿಗೋಸ್ಕರ ನಿಲ್ತೀಯ?"

ಸೂಜಿ ಹಿಡಿದ ಕೈ ಹಾಗೇ ನಿಂತಿತು. ಅಯ್ಯೋ, ಆಡಬಾರದ್ದನ್ನು ಆಡಿಬಿಟ್ಟೆನಲ್ಲ ಎಂದುಕೊಂಡಳು ಅವಳು. ಅಷ್ಟರಲ್ಲಿ ಶೆಡ್ಡಿನಿಂದ ಚಿಕ್ಕಪ್ಪನ ಕೂಗು ಬಂತು: "ಅಣ್ಣಾ, ಬರ್ತೀಯಾ ಇಲ್ವಾ? ಆ ಊರಲ್ಲಿ ಕೆಳಗೆ ನೀನಿರಲ್ಲ, ಪಕ್ಕದಲ್ಲಾದ್ರೂ ಇರು!"

ಅಪ್ಪ ದಾರ ಕಡಿದು, ಚೀಲವನ್ನು ಕಂಬಕ್ಕೇರಿಸಿದ. ಟೋಪಿ ತೆಗೆದು ಕಂಬದ ಮೊಳೆಗೆ ನೇತುಹಾಕಿ, ಶೆಡ್ಡಿನ ಕಡೆ ನಡೆದ.

ವಿಮಾನ ಏರಿತು. ರೇಡಿಯೊ ಮುಂದೆ ಕೂತ ಮಗಳಿಗೆ ಗೆದ್ದೆ ಎನ್ನುವ ಹಿಗ್ಗು. ಅಷ್ಟರಲ್ಲಿ ಅಪ್ಪನ ದನಿ ಕಿವಿಗೆ ಅಪ್ಪಳಿಸಿತು: "ಎಲ್ಲಿದ್ದೀಯೇ? ಕಂಬದ ಹತ್ರ ಯಾರೂ ಕಾಣ್ತಿಲ್ಲ!"

"ಒಳಗಿದ್ದೀನಪ್ಪಾ. ನೀವು ಇಳಿಯೋದಿಲ್ವಲ್ಲ!"

"ಇಳೀದಿದ್ರೇನು? ಕೈ ಕಾಲು ನಡುಗ್ತಿದೆ ಕಣೇ. ಹೊರಗೆ ಬಾ."

ಅವಳು ಎದ್ದುಬಿದ್ದು ಓಡಿದಳು. ಮೊಳೆಯ ಮೇಲಿದ್ದ ಟೋಪಿ ಕಿತ್ತುಕೊಂಡು, ಗಾಳಿಚೀಲದ ಕೆಳಗೆ ನಿಂತು ಎತ್ತರಕ್ಕೆ ಹಿಡಿದಳು. ವಿಮಾನ ಇನ್ನೊಂದು ಸುತ್ತು ಹೊಡೆದು, ಕಟ್ಟಡಗಳನ್ನು ದಾಟಿ ಹೋಯಿತು. ಕೈ ಸೋತುಹೋದರೂ ಇಳಿಸಲು ಅವಳಿಗೆ ಧೈರ್ಯ ಬರಲಿಲ್ಲ. ಅಪ್ಪ ಇನ್ನೂ ನೋಡುತ್ತಿದ್ದರೆ?