ಜಮೀರನ ಊಟ

ಉಸ್ಮಾನ್ ಸಾಬ್ ಚಿತ್ರದುರ್ಗದಲ್ಲಿ ಹಾಸಿಗೆ ಹೊಲಿಯುವವರು. ಮಂಡಿ ನೋವು ಹೆಚ್ಚಾಗಿ ನೆಲದ ಮೇಲೆ ಕೂತು ಏಳುವುದೇ ಕಷ್ಟವಾದಾಗ, ತೂಕ ಇಳಿಸಲೇಬೇಕೆಂದ ಡಾಕ್ಟರು ಅವರನ್ನು ಆಪ್ತಸಮಾಲೋಚಕಿ ಅನುಪಮಾ ಹತ್ತಿರ ಕಳಿಸಿದರು.

ಅನುಪಮಾ ಪಥ್ಯದ ಮಾತೆತ್ತಲಿಲ್ಲ. "ಹಸಿವಿಲ್ದಿದ್ರೂ ಉಣ್ಣೋದು ಯಾವಾಗ, ಸಾಬ್ರೆ?" ಎಂದು ಕೇಳಿದರು.

"ಮಧ್ಯಾಹ್ನ. ನಂದು ಮುಗಿದ ಮೇಲೆ ಮಗಂದೂ ಉಣ್ತೀನಿ."

"ಅವರು ಉಣ್ಣಲ್ವಾ?"

"ಅವನಿಲ್ಲ ಮೇಡಂ. ಹೋದ ವರ್ಷ ಹಿರಿಯೂರು ಹತ್ರ ಲಾರಿ ಗುದ್ದಿ ತೀರ್ಕೊಂಡ."

ಜಮೀರ್ ಗ್ಯಾರೇಜಿನಿಂದ ಮಧ್ಯಾಹ್ನ ಊಟಕ್ಕೆ ಮನೆಗೇ ಬರುತ್ತಿದ್ದ. ಅವನು ಸತ್ತ ಮೇಲೂ ತಾಯಿ ಅಕ್ತರ್ ಬೀ ಅವನ ತಟ್ಟೆಗೆ ಬಡಿಸುವುದನ್ನು ಬಿಡಲಿಲ್ಲ. ಅನ್ನ ಒಣಗಿದ್ದು ಕಂಡರೆ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದರು. ಒಂದು ದಿನ ನೋಡಲಾರದೆ ಉಸ್ಮಾನ್ ಸಾಬ್ ಅದನ್ನು ಉಂಡುಬಿಟ್ಟರು. ಖಾಲಿ ತಟ್ಟೆ ತೊಳೆದಿಟ್ಟು ಅಕ್ತರ್ ಬೀ ಅಂದು ಅಳದೆ ಮಲಗಿದರು. ಆಮೇಲೆ ದಿನಾ ಅದೇ ಆಯಿತು. ಈಗ ಹೊಟ್ಟೆ ತುಂಬಿದ್ದರೂ ಆ ತಟ್ಟೆ ಇಟ್ಟ ಸದ್ದಿಗೆ ಅವರ ಬಾಯಲ್ಲಿ ನೀರೂರುತ್ತಿತ್ತು.

ಇದೆಲ್ಲ ಕೇಳಿದ ಅನುಪಮಾ ಹೇಳಿದರು. "ಉಂಡ್ರೆ ಮನೇಲಿ ಅಳು ನಿಲ್ತೈತೆ ಅಂತ ನಿಮ್ಮ ಮೈ ಕಲ್ತುಬಿಟ್ಟೈತೆ. ಕಲ್ತಿದ್ದನ್ನ ಬಿಡಿಸಬಹುದು. ತಟ್ಟೆ ಎದುರಿಗಿದ್ರೆ ಆಗಲ್ಲ. ನಿಮ್ಮ ಮನೆಯವರಿಗೆ ಹೇಳ್ರಿ."

ಉಸ್ಮಾನ್ ಸಾಬರಿಗೆ ಹೇಳಲು ಬಾಯಿ ಬರಲಿಲ್ಲ. ತಮ್ಮ ಊಟ ಮುಗಿದ ಕೂಡಲೇ ಎದ್ದು ಕೋಟೆ ರಸ್ತೆಯಲ್ಲಿ ನಡೆದಾಡಿ ಬರತೊಡಗಿದರು. ಬಂದು ನೋಡಿದರೆ ತಟ್ಟೆಯ ಪಕ್ಕದಲ್ಲೇ ಅಕ್ತರ್ ಬೀ ಕೂತಿರುತ್ತಿದ್ದರು. ಉಸ್ಮಾನ್ ಸಾಬ್ ಮತ್ತೆ ಕೂತು ಆರಿದ ಅನ್ನ ಉಣ್ಣುತ್ತಿದ್ದರು.

ಕೊನೆಗೊಂದು ದಿನ ಅಂದೇಬಿಟ್ಟರು. "ಅಕ್ತರ್, ನಾಳೆಯಿಂದ ಅವನಿಗೆ ಬಡಿಸಬ್ಯಾಡ."

"ಉಣ್ತಿದ್ದೋರು ನೀವೇ ಅಂತ ನನಗೆ ಗೊತ್ತಿಲ್ವಾ?" ಅಕ್ತರ್ ಬೀ ಸೆರಗಿನಿಂದ ಕೈ ಒರೆಸಿಕೊಂಡರು. "ಆದ್ರೂ ತಟ್ಟೆ ತೊಳಿಯೋವಾಗ, ಈಗಷ್ಟೇ ಉಂಡು ಕೆಲಸಕ್ಕೆ ಹೋದ ಅನ್ನಿಸ್ತಿತ್ತು. ಅಷ್ಟು ಸಾಕಾಗಿತ್ತು ನನಗೆ."

ಮರುದಿನ ಜಮೀರನ ತಟ್ಟೆ ಇಡಲಿಲ್ಲ. ಅಕ್ತರ್ ಬೀ ತಮಗೂ ಬಡಿಸಿಕೊಳ್ಳಲಿಲ್ಲ.

ತಿಂಗಳುಗಳು ಕಳೆದಂತೆ ಉಸ್ಮಾನ್ ಸಾಬರ ತೂಕ ಇಳಿಯಿತು, ಮಂಡಿ ಹಗುರಾಯಿತು. ಅನುಪಮಾ ಮೆಚ್ಚಿಕೊಂಡರು.

"ನಮ್ಮನೆಯವಳು ಮಧ್ಯಾಹ್ನ ಉಣ್ಣೋದೇ ಬಿಟ್ಟವಳೆ ಮೇಡಂ. ಕೇಳಿದ್ರೆ ಹಸಿವಿಲ್ಲ ಅಂತಾಳೆ."

"ಒಂದ್ಸಲ ಕರ್ಕಂಡು ಬರ್ರಿ."

"ಕರೆದೆ. ಬರಲ್ಲ ಅಂದ್ಲು."

ಅಂದು ಮನೆಗೆ ಬಂದು ಅನ್ನ ಕಲಸಿ, ಮೊದಲ ತುತ್ತನ್ನು ಹೆಂಡತಿಯ ಬಾಯಿಗೆ ಹಿಡಿದರು. ಅಕ್ತರ್ ಬೀ ಮುಖ ಪಕ್ಕಕ್ಕೆ ತಿರುಗಿಸಿದರು.

"ನಿಮ್ಮ ಅಂಗಿ ಎಲ್ಲಾ ದೊಗಳೆಯಾಗ್ಯಾವೆ. ಕೊಡ್ರಿ, ಹಿಡಿದು ಹೊಲೀತೀನಿ" ಎಂದು ಮಿಷನ್ನಿನ ಮುಂದೆ ಹೋಗಿ ಕೂತರು.

ಉಸ್ಮಾನ್ ಸಾಬ್ ಆ ತುತ್ತನ್ನು ತಾವೇ ನುಂಗಿದರು.